ದಾಕವ್ವ ಎಂಬ ಪದ

ಮೊನ್ನೆ ಮಗಳ ಜೊತೆ ಮೊಮ್ಮಗನಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆ. ನರ್ಸು ನೀಲಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಐಸಿನ ತಣ್ಣನೆಯ ಗಾಳಿಯೂ ಸ್ಪಿರಿಟ್ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದವು. ಕೂಡಲೇ ಗಂಡಸಿ ಹೋಬಳಿಯ ಒಂದು ಶಾಲೆ, ಅದರ ಜಗಲಿಯಲ್ಲಿ ಎರಡು ಬೆಂಚು ಜೋಡಿಸಿ ಮಾಡಿದ್ದ ಪೋಲಿಯೋ ಬೂತು, ಅದರ ಮುಂದೆ ಒಂದು ಮಗುವೂ ಇಲ್ಲದೆ ಬಿಕೋ ಎನ್ನುತ್ತಿದ್ದ ಅಂಗಳ ನೆನಪಾದವು. ಆ ವರ್ಷದ ಸಂಗತಿಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಜೂನ್ ತಿಂಗಳಲ್ಲಿ ನನಗೆ ಆ ಊರಿನ ಪ್ರಾಥಮಿಕ ಶಾಲೆಗೆ ಮೊದಲ ನೇಮಕಾತಿಯಾಯಿತು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗಲೂ ನನ್ನನ್ನು ಮದುವೆ ಮುಂಜಿಗೆ ಕರೆಯುತ್ತಾರೆ. ನಾನು ಹಾಸನದಲ್ಲಿ ಬೆಳೆದವಳು. ಅರಸೀಕೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೆಳಿಗ್ಗೆ ಬಸ್ಸಿನಲ್ಲಿ ಗಂಡಸಿಗೆ ಹೋಗಿ, ಅಲ್ಲಿಂದ ಟೆಂಪೋ ಹತ್ತುತ್ತಿದ್ದೆ. ಊರಿಗೆ ನೇರ ಬಸ್ಸು ದಿನಕ್ಕೆ ಎರಡೇ ಇದ್ದವು, ಶಾಲೆಯ ಹೊತ್ತಿಗೆ ಹೊಂದುತ್ತಿರಲಿಲ್ಲ. ಮನೆಯ ಮಾಲೀಕರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು. ಊರೆಲ್ಲ ಅವರನ್ನು ಪಂಡಿತರು ಎಂದೇ ಕರೆಯುತ್ತಿತ್ತು. ಸಂಜೆ ನಾನು ಬಂದು ಕೈಕಾಲು ತೊಳೆಯುವಷ್ಟರಲ್ಲಿ, "ಇವತ್ತು ಯಾವ ಪದ ತಂದೆಯಮ್ಮ?" ಎಂದು ಕೇಳುತ್ತಿದ್ದರು. ಹಳ್ಳಿಯಲ್ಲಿ ಕೇಳಿದ ಹೊಸ ಮಾತುಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಆ ಹುಚ್ಚು ನನಗೂ ಇತ್ತು, ಅವರಿಗೂ ಇತ್ತು.

ಶಾಲೆ ಶುರುವಾಗಿ ಎರಡು ವಾರವಾಗಿರಬಹುದು. ಹೊರಗೆ ಸಣ್ಣ ಮಳೆ ಹಿಡಿದಿತ್ತು. ಹೊಸದಾಗಿ ಒಂದನೇ ಕ್ಲಾಸಿಗೆ ಸೇರಿದ್ದ ಹುಡುಗನೊಬ್ಬ ಅಮ್ಮ ಬೇಕೆಂದು ಒಂದೇ ಸಮನೆ ಅಳುತ್ತಿದ್ದ. ನಾನು ಎಷ್ಟು ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಆಗ ಮೂರನೇ ಕ್ಲಾಸಿನ ಶೋಭಾ ಎದ್ದು ಬಂದು ಅವನ ಕಿವಿಯಲ್ಲಿ, "ಸುಮ್ಕಿರ್ಲಾ, ದಾಕವ್ವ ಬತ್ತಾಳೆ" ಅಂದಳು. ಹುಡುಗ ಬಾಯಿಗೆ ಬೀಗ ಹಾಕಿದಂತೆ ಸುಮ್ಮನಾದ.

ನಮ್ಮ ಮನೆಯಲ್ಲಿ ಹೆದರಿಸುತ್ತಿದ್ದದ್ದು ಗುಮ್ಮನ ಹೆಸರು ಹೇಳಿ. ದಾಕವ್ವ ಯಾರು?

"ದಾಕವ್ವ ಅಂದ್ರೆ ಯಾರೇ ಶೋಭಾ?"

"ತೋಳು ಕಚ್ಚೋಳು ಮಿಸ್. ಬಿಳೀ ಸೀರೆ ಉಟ್ಕೊಂಡಿರ್ತಾಳೆ. ಕೈಯಾಗೆ ಪೆಟ್ಗೆ ಇರ್ತದೆ."

"ಅವ್ಳ ಹಲ್ಲು ತಿರುಗ್ತವೆ ಮಿಸ್, ಗಿರಗಿರ ಅಂತ," ಎಂದ ಇನ್ನೊಬ್ಬ. ಹಲ್ಲು ತಿರುಗುವ ದೆವ್ವವನ್ನು ನಾನು ಎಲ್ಲೂ ಕೇಳಿರಲಿಲ್ಲ. ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಶಾಲೆಯ ಎದುರು ಮನೆಯ ಪುಟ್ಟತಾಯಮ್ಮ ಶೋಭಾಳ ಅಜ್ಜಿ. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಸೋದರಮಾವನಿಗೇ ಕೊಟ್ಟಿದ್ದರಿಂದ ಹುಟ್ಟಿದ ಊರೂ ಕೊಟ್ಟ ಊರೂ ಒಂದೇ. ಮಧ್ಯಾಹ್ನ ನನಗೊಂದು ಲೋಟ ಮಜ್ಜಿಗೆ ತಂದು ಕೊಡುವುದನ್ನು ಆಕೆ ಮರೆಯುತ್ತಿರಲಿಲ್ಲ. ಶೋಭಾಳ ತಂಗಿ ಭಾಗ್ಯ, ನಾಲ್ಕು ವರ್ಷದ್ದು, ಅಕ್ಕನ ಲಂಗ ಹಿಡಿದು ಬಂದು ನಮ್ಮ ಕ್ಲಾಸಿನ ಮೂಲೆಯಲ್ಲಿ ಕೂತಿರುತ್ತಿತ್ತು. ದಾಕವ್ವನ ವಿಷಯ ಕೇಳಿದಾಗ ಪುಟ್ಟತಾಯಮ್ಮ ನಕ್ಕು, ರವಿಕೆಯ ತೋಳು ಮೇಲೆ ಸರಿಸಿ, ಎರಡು ದುಂಡನೆಯ ಕಲೆ ತೋರಿಸಿದರು.

"ನೋಡಿ ಟೀಚರಮ್ಮ, ನನ್ನೂ ಕಚ್ಚವ್ಳೆ. ಇದನ್ನ ತೋರ್ಸಿಬಿಟ್ರೆ ಯಾವ ಮಗೀನೂ ಹಟ ಮಾಡಕಿಲ್ಲ."

ಅದು ಸಿಡುಬಿನ ಚುಚ್ಚುಮದ್ದಿನ ಕಲೆ ಎಂದು ನನಗೆ ಗೊತ್ತಿತ್ತು. ನನ್ನ ತೋಳಿನಲ್ಲೂ ಅಂಥದೊಂದಿದೆ. ಇದ್ದ ಕಲೆಯನ್ನೇ ಸಾಕ್ಷಿ ಮಾಡಿಕೊಂಡ ಅಜ್ಜಿಯರ ಜಾಣತನಕ್ಕೆ ಮನಸ್ಸಿನಲ್ಲೇ ನಕ್ಕೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಸಂಜೆ ಪಂಡಿತರಿಗೆ ಹೆಸರು ಹೇಳಿದೆ, ಬಿಳಿ ಸೀರೆ ಹೇಳಿದೆ, ತಿರುಗುವ ಹಲ್ಲು ಹೇಳಿದೆ. ಕಲೆಯ ಮಾತು ಮಾತ್ರ ಎತ್ತಲಿಲ್ಲ.

"ದಾಕವ್ವ..." ಪಂಡಿತರು ಕಣ್ಣು ಮುಚ್ಚಿ ಒಂದು ಗಳಿಗೆ ಕೂತರು. ಆಮೇಲೆ ತೊಡೆ ತಟ್ಟಿದರು. "ಡಾಕಿನಿ ಕಣಮ್ಮ! ಶಾಕಿನಿ ಡಾಕಿನಿ ಅಂತೀವಲ್ಲ, ಕಾಳಿಯ ಪರಿವಾರದವಳು. ಹಳ್ಳಿಯವರ ಬಾಯಲ್ಲಿ ಡಕಾರ ದಕಾರ ಆಗಿದೆ, ಹಿಂದೆ ಒಂದು ಅವ್ವ ಸೇರಿದೆ. ಎಂಟುನೂರು ವರ್ಷದಿಂದ ಬಂದಿರೋ ಪದ ಇದು!"

ಶ್ರಾವಣದ ಒಂದು ಭಾನುವಾರ ಇಬ್ಬರೂ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಹೋದೆವು. ದಾರಿಯುದ್ದಕ್ಕೂ ಪಂಡಿತರು ಹೆದರಿಸುವ ಹೆಸರುಗಳ ಬಗ್ಗೆಯೇ ಮಾತಾಡಿದರು. ಗುಮ್ಮ ಎಂಬುದು ಗೂಬೆಯ ಗುಮ್ ಎಂಬ ಕೂಗಿನಿಂದ ಬಂದಿರಬಹುದು ಎಂದರು. ರಾಕ್ಷಸ ಎಂಬ ಪದದೊಳಗೆ ಇರುವುದು ರಕ್ಷಿಸು ಎಂಬ ಧಾತುವೇ ಎಂದಾಗ ನನಗೆ ಆಶ್ಚರ್ಯವಾಯಿತು.

"ಕಾಪಾಡೋದು ಅಂತ ತಾನೇ ಸರ್ ಅದರ ಅರ್ಥ?"

"ಹೌದಮ್ಮ. ಯಾರಿಂದ ನಮ್ಮನ್ನ ರಕ್ಷಿಸ್ಕೋಬೇಕೋ ಅವರು ಅಂತ ಕೆಲವರು ಹೇಳ್ತಾರೆ. ಮೊದಲು ರಕ್ಷಿಸ್ತೀವಿ ಅಂತ ನಿಂತವರೇ ಆಮೇಲೆ ರಾಕ್ಷಸರಾದರು ಅಂತ ಪುರಾಣ ಹೇಳುತ್ತೆ. ಎರಡೂ ಉಂಟು."

ಮಳೆಯಲ್ಲಿ ನೆನೆದು ಕಪ್ಪಗಾಗಿದ್ದ ಗುಡಿಯ ಗೋಡೆಯ ಸುತ್ತ ನಡೆದು, ಪಂಡಿತರು ಒಂದು ಕಡೆ ನಿಂತರು. ಪಕ್ಕೆಲುಬು ಎಣಿಸುವಂತಿದ್ದ, ಹಲ್ಲು ಕಿರಿದ, ಜೋತುಬಿದ್ದ ಮೊಲೆಯ ಒಂದು ಮೂರ್ತಿಯನ್ನು ಕೊಡೆಯ ತುದಿಯಿಂದ ತೋರಿಸಿ, "ಇಗೋ ನಿನ್ನ ದಾಕವ್ವ" ಅಂದರು. ಅದು ಡಾಕಿನಿಯೋ ಬೇತಾಳವೋ ನನಗೆ ಈಗಲೂ ತಿಳಿಯದು. ಅವತ್ತು ನಾನು ನಂಬಿದೆ. ವಾಪಸು ಬಂದು ನಾಲ್ಕು ಪುಟದ ಲೇಖನ ಬರೆದೆ. ಜಿಲ್ಲೆಯ ಒಂದು ಪತ್ರಿಕೆ ಅದನ್ನು ಭಾನುವಾರದ ಪುರವಣಿಯಲ್ಲಿ ನನ್ನ ಹೆಸರಿನ ಸಮೇತ ಹಾಕಿತು. ಅಪ್ಪ ಹಾಸನದಲ್ಲಿ ಹತ್ತು ಪ್ರತಿ ಕೊಂಡು ಹಂಚಿದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಉಮೇದು ಏರಿದ್ದ ನಾನು ಮಕ್ಕಳಿಂದ ದಾಕವ್ವನ ಚಿತ್ರ ಬರೆಸಿದೆ. ಒಬ್ಬೊಬ್ಬರದೂ ಒಂದೊಂದು ಥರ. ಬಿಳಿ ಸೀರೆ, ಕೈಯಲ್ಲಿ ಪೆಟ್ಟಿಗೆ, ಬಾಯಲ್ಲಿ ಗಾಡಿ ಚಕ್ರದಂಥ ಹಲ್ಲು. ಕ್ಲಾಸಿನ ಗೋಡೆಗೆಲ್ಲ ಅಂಟಿಸಿದೆ. ಮೂಲೆಯಲ್ಲಿ ಕೂರುತ್ತಿದ್ದ ಭಾಗ್ಯ ಗೋಡೆಯ ಕಡೆ ಬೆನ್ನು ಮಾಡಿ ಕೂರತೊಡಗಿದ್ದನ್ನು ನೋಡಿದ್ದೆ. ಏನೋ ಮಗು ಎಂದು ಸುಮ್ಮನಾದೆ.

ಆ ವರ್ಷ ಮಳೆ ಹದವಾಗಿ ಬಂದು ರಾಗಿ ಎದೆಮಟ್ಟ ಬೆಳೆದಿತ್ತು. ಡಿಸೆಂಬರ್ ಹೊತ್ತಿಗೆ ಕೊಯ್ಲು ಮುಗಿದು, ಕಣದ ಸುತ್ತ ತೆನೆಸಮೇತ ಒಟ್ಟಿದ ರಾಗಿ ಮೆದೆಗಳು ಮನೆಯೆತ್ತರ ನಿಂತಿದ್ದವು. ಅದೇ ತಿಂಗಳ ಒಂದು ಭಾನುವಾರ ಪೋಲಿಯೋ ಹನಿ ಹಾಕುವ ಕೆಲಸಕ್ಕೆ ನಮ್ಮನ್ನೂ ನೇಮಿಸಿದ್ದರು. ಎಂಟು ಗಂಟೆಗೆ ಆರೋಗ್ಯ ಇಲಾಖೆಯ ಸಿಸ್ಟರ್ ಲಲಿತಮ್ಮ ಟೆಂಪೋ ಇಳಿದು ಶಾಲೆಯ ಕಡೆ ನಡೆದು ಬಂದರು. ಬಿಳಿ ಸೀರೆ ಉಟ್ಟಿದ್ದರು. ಕೈಯಲ್ಲಿ ಐಸಿನ ಪೆಟ್ಟಿಗೆ ಇತ್ತು.

ಅಂಗಳದಲ್ಲಿ ಗೋಲಿ ಆಡುತ್ತಿದ್ದ ಮಕ್ಕಳು ತಲೆ ಎತ್ತಿ ನೋಡಿದವು. ಯಾವುದೋ ಒಂದು, "ದಾಕವ್ವ ಬಂದ್ಳು!" ಎಂದು ಕಿರುಚಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅಂಗಳ ಖಾಲಿ. ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ಎಳೆದುಕೊಂಡು ತೋಟ, ಹೊಲ, ಅಟ್ಟ ಎಂದು ಸಿಕ್ಕಲ್ಲಿ ಸೇರಿಕೊಂಡರು. ಲಲಿತಮ್ಮ ಪೆಟ್ಟಿಗೆ ಇಳಿಸಿ, "ಇದೇನ್ ಮೇಡಂ, ನನ್ನ ನೋಡಿ ಹಿಂಗೆ ಓಡ್ತಾವೆ?" ಎಂದರು. ಕಿಟಕಿಯೊಳಗಿಂದ ಗೋಡೆಯ ಚಿತ್ರಗಳು ಕಾಣುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ದೊಡ್ಡವರು ಬೈದು, ಎತ್ತಿಕೊಂಡು ಬಂದು, ಅರ್ಧದಷ್ಟು ಮಕ್ಕಳಿಗೆ ಹನಿ ಹಾಕಿಸಿದರು. ಭಾಗ್ಯ ಮಾತ್ರ ಸಿಗಲಿಲ್ಲ. ಗಲಾಟೆಯಲ್ಲಿ ಅಕ್ಕನ ಕೈ ಬಿಟ್ಟುಹೋಗಿತ್ತು. ಮೂರು ಗಂಟೆಯಾಯಿತು. ಮಗುವಿನ ಅಪ್ಪ ಅಮ್ಮ ತೋಟವೆಲ್ಲ ಸುತ್ತಿ ಬಂದರು. ಕಟ್ಟೆ ಇಲ್ಲದ ಹಳೇ ಬಾವಿಯೊಂದಿತ್ತು. ಯಾರೋ ಅದರ ಹೆಸರು ಎತ್ತಿದರು. ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸಿದರು. ಆ ಕಬ್ಬಿಣದ ಕೊಕ್ಕೆಗಳು ನೀರಿನಡಿ ಕಲ್ಲಿಗೆ ತಾಗಿದ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಪ್ರತಿ ಸಲ ಹಗ್ಗ ಎಳೆದಾಗಲೂ ನಾನು ಮುಖ ತಿರುಗಿಸಿದೆ. ಪಾಚಿ ಬಂತು, ಒಂದು ತಪ್ಪಲೆ ಬಂತು. ಮಗು ಇರಲಿಲ್ಲ.

ಹೊತ್ತು ಇಳಿಯುವ ಮುಂಚೆ ಭಾಗ್ಯಳನ್ನು ಹುಡುಕಿದ್ದು ಪುಟ್ಟತಾಯಮ್ಮನೇ. ಕಣದ ಕಡೆ ಹೋದವರಿಗೆ ಎರಡು ರಾಗಿ ಮೆದೆಗಳ ಸಂದಿಯಿಂದ ಬಿಕ್ಕಳಿಕೆ ಕೇಳಿಸಿತಂತೆ. ಮಗು ಮೈತುಂಬ ತರಚಿಕೊಂಡು, ಎರಡೂ ಕೈ ಅಡ್ಡ ಹಾಕಿ ತೋಳು ಮುಚ್ಚಿಕೊಂಡು ಕೂತಿತ್ತು. ಎತ್ತಿಕೊಂಡು ಬಂದರೂ ಆ ಕೈ ಬಿಡಿಸಲಾಗಲಿಲ್ಲ. ಬಾಯಿ ತೆರೆಯಲೂ ಇಲ್ಲ, ಹನಿ ಹಾಕಲೂ ಆಗಲಿಲ್ಲ. ನಾನು ಹತ್ತಿರ ಹೋದಾಗ ಅಜ್ಜಿಯ ಕೊರಳಿಗೆ ಮುಖ ಒತ್ತಿತು. ಯಾರೂ ನನ್ನನ್ನು ಬಯ್ಯಲಿಲ್ಲ. ಕ್ಲಾಸಿಗೆ ಹೋಗಿ ಚಿತ್ರಗಳನ್ನೆಲ್ಲ ಕಿತ್ತೆ.

ಕತ್ತಲಾಗುವ ಮುಂಚೆ ಟೆಂಪೋ ಕಾಯುತ್ತ ನಿಂತಿದ್ದಾಗ ಲಲಿತಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಡಾಕಿನಿ, ಹಳೇಬೀಡು, ಲೇಖನ, ಎಲ್ಲ. ಅವರು ನನ್ನನ್ನೇ ನೋಡಿದರು.

"ಡಾಕಿನಿ ಯಾಕಾಗ್ತಾಳೆ ಮೇಡಂ? ದಾಕು ಹಾಕೋ ಅವ್ವ, ದಾಕವ್ವ. ಸಿಡುಬಿನ ಚುಚ್ಚುಮದ್ದಿಗೆ ಹಿಂದಿನೋರು ದಾಕು ಅಂತಿರ್ಲಿಲ್ವಾ? ಈ ಸುತ್ತಿನ ಹಳ್ಳಿಗೆಲ್ಲ ದಾಕು ಹಾಕ್ತಿದ್ದ ನಮ್ಮ ನಿಂಗಮ್ಮಕ್ಕ ಅವ್ರು. ಕೆಲ್ಸಕ್ಕೆ ಸೇರಿದಾಗ ನನಗೆ ಸೂಜಿ ಹಿಡಿಯೋದು ಹೇಳ್ಕೊಟ್ಟಿದ್ದೇ ಅವ್ರು. ಬಾಣಾವರದಲ್ಲಿದ್ದಾರೆ, ಮಗಳ ಮನೇಲಿ."

ರಾತ್ರಿ ಊಟ ಮುಗಿಸಿ ಕೂತಿದ್ದ ಪಂಡಿತರಿಗೆ ವಿಷಯ ಹೇಳಿದೆ. ಅವರು ಅಂಗಿಯ ತೋಳು ಮೇಲೆ ಸರಿಸಿದರು. "ನನ್ನ ತೋಳಿಗೂ ದಾಕು ಹಾಕಿದ್ದಾರಲ್ಲಮ್ಮ," ಎಂದರು. "ಆ ಪದ ನನಗೆ ಗೊತ್ತಿತ್ತು. ಹಳೇಬೀಡಿನವರೆಗೂ ಹೋದೆವು, ಬಾಣಾವರ ಹತ್ತಿರವಿತ್ತು."

ಮುಂದಿನ ಭಾನುವಾರ ನಾನೊಬ್ಬಳೇ ಬಾಣಾವರಕ್ಕೆ ರೈಲು ಹತ್ತಿದೆ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ತಾರಸಿ ಮನೆ. ಬಾಗಿಲು ತೆಗೆದದ್ದು ಮಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವವರು. ನಾನು ಹೆಸರು ಹೇಳಿದ ಕೂಡಲೇ ಮುಖ ಬಿಗಿಯಿತು.

"ನಮ್ಮಮ್ಮನ್ನ ದೆವ್ವ ಮಾಡಿ ಪೇಪರಲ್ಲಿ ಹಾಕ್ಸಿದ್ದು ನೀವೇನಾ?"

ಒಳಗಿನಿಂದ, "ಯಾರೇ ಅದು? ಒಳಕ್ಕೆ ಕರಿ," ಎಂಬ ದನಿ ಬಂತು. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಸಣ್ಣ ಮೈಯ ಮುದುಕಿಯೊಬ್ಬರು ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು. ದಪ್ಪ ಕನ್ನಡಕ. ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಓದಿದೆ ತಾಯಿ. ಚೆಂದಾಗಿ ಬರ್ದಿದ್ದೀರಿ. ಹಳೇಬೀಡಿನ ಗೋಡೆ ಮ್ಯಾಲೆ ಇರೋಳು ಅಂತ. ಅಲ್ಲಿಗೂ ದಾಕು ಹಾಕಕ್ಕೆ ಹೋಯ್ತಿದ್ದೆ ನಾನು. ಗೋಡೆ ನೋಡಕ್ಕೆ ಪುರುಸೊತ್ತಿರ್ಲಿಲ್ಲ."

ನನಗೆ ಅಳು ಬಂತು. ಚಿತ್ರಗಳ ವಿಷಯ, ಭಾಗ್ಯ ಮೆದೆಯಲ್ಲಿ ಅಡಗಿದ ವಿಷಯ ಎಲ್ಲ ಹೇಳಿದೆ. ತಿರುಗುವ ಹಲ್ಲು ಎಂದಾಗ ನಿಂಗಮ್ಮ ನಕ್ಕುಬಿಟ್ಟರು. ಕಡ್ಡಿಯ ತುದಿಗೆ ಹಲ್ಲಿನ ಬಿಲ್ಲೆಯೊಂದಿರುತ್ತಿತ್ತಂತೆ. ಅದನ್ನು ತೋಳಿನ ಮೇಲೆ ಇಟ್ಟು ಬೆರಳಲ್ಲಿ ಗಿರ್ರನೆ ತಿರುಗಿಸಬೇಕಿತ್ತಂತೆ. "ಮಕ್ಳು ಸುಳ್ಳು ಹೇಳಿಲ್ಲ ಬಿಡಿ. ಹಲ್ಲು ಬಾಯಾಗಿರ್ಲಿಲ್ಲ, ಕೈಯಾಗಿತ್ತು, ಅಷ್ಟೆಯ."

ಲೋಯರ್ ಸೆಕೆಂಡರಿ ಓದಿ ಇಪ್ಪತ್ತರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿದವರು ಆಕೆ. ಬೆಳಗಾಗುತ್ತಲೇ ಪೆಟ್ಟಿಗೆ ಹಿಡಿದು ನಡೆದೇ ಊರೂರು ತಿರುಗಿದವರು. ಹೊಲಗೇರಿಯ ಹೆಂಗಸು ಎಂದು ಎಷ್ಟೋ ಮನೆಗಳು ಬಾಗಿಲು ಹಾಕಿಕೊಳ್ಳುತ್ತಿದ್ದವಂತೆ. "ಮುಟ್ಟದೆ ದಾಕು ಹಾಕಕ್ಕಾಯ್ತದಾ? ಸಿಡುಬಿನ ಮೈಲಿಗಿಂತ ಮೈಲಿಗೆಗೇ ಜನ ಹೆಚ್ಚು ಹೆದರೋರು." ಅದನ್ನು ಹೇಳುವಾಗ ಆಕೆಯ ದನಿ ಏರಲಿಲ್ಲ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮಗಳು, "ತಪ್ಪಾಯ್ತು ಅಂತ ಅದೇ ಪೇಪರಿನಲ್ಲಿ ಬರೀರಿ," ಎಂದರು. ಬರೆಯುತ್ತೇನೆ ಎಂದೆ. ಬರೆದೆ. ವಾಚಕರ ಪತ್ರಗಳ ಮೂಲೆಯಲ್ಲಿ ನಾಲ್ಕು ಸಾಲು ಬಂತು.

ಹೊರಡುವಾಗ ನಿಂಗಮ್ಮ ಕೇಳಿದರು: "ಆ ಮಗೀಗೆ ಹನಿ ಹಾಕಿದ್ರಾ?"

"ಇನ್ನೂ ಇಲ್ಲಮ್ಮ. ಮುಂದಿನ ತಿಂಗಳು ಇನ್ನೊಂದು ಭಾನುವಾರ ಇದೆ."

"ಯಾವ ಭಾನುವಾರ ಅಂತ ಕಾಗ್ದ ಹಾಕಿ. ನಾನು ಬತ್ತೀನಿ."

ಮರುದಿನ ಊರಿಗೆ ಹೋಗಿ ಪುಟ್ಟತಾಯಮ್ಮನಿಗೆ ಇದನ್ನು ಹೇಳಿದೆ. ಆಕೆ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಬದ್ಕವ್ರಾ?" ಎಂದರು. ಆಮೇಲೆ ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. ಆಕೆಗೆ ಹತ್ತು ವರ್ಷವಿದ್ದಾಗ ಸುತ್ತಿನ ಹಳ್ಳಿಗಳಲ್ಲಿ ಸಿಡುಬು ಎದ್ದಿತ್ತು. ದಾಕು ಹಾಕುವವಳು ಬಂದಳೆಂದು ಕೇಳಿ ಅವ್ವ ಬಾಗಿಲು ಹಾಕಿದರು. ಪುಟ್ಟತಾಯಮ್ಮ ಬೀದಿಯಲ್ಲಿ ಆಡುತ್ತಿದ್ದದ್ದರಿಂದ ಸಿಕ್ಕಿಬಿದ್ದರು, ತೋಳಿಗೆ ಎರಡು ಗಾಯವಾಯಿತು. ಆರು ವರ್ಷದ ತಂಗಿ ಕೆಂಪಿಯನ್ನು ಅವ್ವ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅಡಗಿಸಿದರು. ಆ ತಿಂಗಳೇ ಕೆಂಪಿಗೆ ಸಿಡುಬು ಬಂತು. ಸುದ್ದಿ ತಿಳಿದು ನಿಂಗಮ್ಮ ಮತ್ತೆ ಬಂದು ಊರ ಹೊರಗಿನ ಚಾವಡಿಯಲ್ಲಿ ಹದಿನೈದು ದಿನ ಉಳಿದು, ಮನೆಮನೆಗೂ ಹೋಗಿ ದಾಕು ಹಾಕಿದರು. ಕೆಂಪಿ ಉಳಿಯಲಿಲ್ಲ. ಅವಳನ್ನು ಬಿಟ್ಟು ಆ ಊರಿನಲ್ಲಿ ಇನ್ನಾರೂ ಸಾಯಲಿಲ್ಲ.

"ಅವ್ರು ಹೊಂಟಾಗ, ಅವ್ವ ಅಂತ ಮೊದ್ಲು ಕರ್ದಿದ್ದು ನಮ್ಮವ್ವನೇ ಕಣವ್ವ. ದಾಕಿನವ್ವ, ನಮ್ಮನ್ನ ಉಳ್ಸಿದ್ರಿ, ಅಂದಿದ್ಲು."

"ಮತ್ತೆ ಅದು ಹೆದರಿಸೋ ಹೆಸರು ಯಾವಾಗಾಯ್ತು ಪುಟ್ಟತಾಯಮ್ಮ?"

ಆಕೆ ಮೊರದ ಅಂಚನ್ನೇ ಸವರುತ್ತ ಕೂತರು. "ನಾನೇ ಅಂತ ಕಾಣ್ತದೆ. ದೊಡ್ಡ ಮಗ ಬಲೇ ಹಟ ಮಾಡೋನು. ಕಲೆ ತೋರ್ಸಿ, ದಾಕವ್ವ ಕಚ್ತಾಳೆ ಅಂದೆ. ಸುಮ್ಕಾದ. ಆಮ್ಯಾಕೆ ಎಲ್ರೂ ಹೇಳಕ್ಕೆ ಹಿಡಿದ್ರು. ಬಾಯಿಗೆ ಬಂದಿದ್ದು ಬಾಯಾಗೇ ಉಳೀತು."

ಜನವರಿಯ ಆ ಭಾನುವಾರ ಮೈ ಕೊರೆಯುವ ಚಳಿ. ನಿಂಗಮ್ಮ ಮೊದಲ ಬಸ್ಸಿಗೇ ಬಂದಿಳಿದರು. ಮಗಳು ಬೇಡವೆಂದರೂ ಕೇಳಲಿಲ್ಲವಂತೆ. ಹಸಿರು ಸೀರೆ, ಮೇಲೊಂದು ಸ್ವೆಟರು. ಲಲಿತಮ್ಮನಿಗೂ ಬಣ್ಣದ ಸೀರೆ ಉಟ್ಟು ಬರಲು ಹೇಳಿದ್ದೆ. ಜಗಲಿಯ ಬೆಂಚಿನ ಮೇಲೆ ಕೂತ ಮುದುಕಿಯನ್ನು ಮಕ್ಕಳು ದೂರದಿಂದ ನೋಡುತ್ತ ನಿಂತವು. ಊರಿನ ನಡುವಯಸ್ಸಿನವರು ಒಬ್ಬೊಬ್ಬರಾಗಿ ಬಂದು, ನಮಸ್ಕಾರ ಮಾಡಿ, ಸಂಕೋಚದಿಂದ ನಿಂತುಕೊಂಡರು. ಆಮೇಲೆ ಪುಟ್ಟತಾಯಮ್ಮ ಭಾಗ್ಯಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಬೆಂಚಿನ ಮೇಲೆ ಕೂತು ರವಿಕೆಯ ತೋಳು ಸರಿಸಿದರು. ನಿಂಗಮ್ಮ ಆ ಎರಡು ಕಲೆಗಳನ್ನು ಹೆಬ್ಬೆರಳಿನಿಂದ ತಡವಿ ನೋಡಿದರು.

"ಎರಡೂ ಚೆಂದಾಗಿ ಎದ್ದವೆ. ಯಾರ ಮಗಳು ನೀನು?"

ಪುಟ್ಟತಾಯಮ್ಮ ಅಪ್ಪನ ಹೆಸರು ಹೇಳಿದರು. ನಿಂಗಮ್ಮನ ಕೈ ಅಲ್ಲೇ ನಿಂತಿತು. ಪುಟ್ಟತಾಯಮ್ಮ ಮೊಮ್ಮಗಳ ಗಲ್ಲ ಹಿಡಿದು ಈ ಕಡೆ ತಿರುಗಿಸಿದರು.

"ನೋಡೇ ಭಾಗ್ಯ, ಇವರೇ ದಾಕವ್ವ. ನನ್ನ ಉಳ್ಸಿದೋರು."

ಮಗು ತೋಳು ಮುಚ್ಚಿಕೊಂಡೇ ನಿಂಗಮ್ಮನನ್ನು ನೋಡಿತು. "ಹಲ್ಲು?" ಎಂದಿತು.

ನಿಂಗಮ್ಮ ಕನ್ನಡಕ ತೆಗೆದು, ಬಗ್ಗಿ, ಬಾಯಿ ಅಗಲಿಸಿ ತೋರಿಸಿದರು. ಎಲೆ ಅಡಿಕೆಯಿಂದ ಕೆಂಪಾದ ಬೋಳು ವಸಡು. ಭಾಗ್ಯ ಕುತ್ತಿಗೆ ಚಾಚಿ ಒಳಗೆಲ್ಲ ಇಣುಕಿತು.

"ಒಂದೂ ಇಲ್ಲ!"

"ಎಲ್ಲಾ ಬಿದ್ದೋದ್ವು ಕಣವ್ವ. ನಿಂಗೆಷ್ಟವೆ, ಆ ಅನ್ನು ನೋಡಾನ."

ಭಾಗ್ಯ ಆ ಅಂದಿತು. ಲಲಿತಮ್ಮ ಎರಡು ಹನಿ ಹಾಕಿಬಿಟ್ಟರು. ಹಿಂದೆ ನಿಂತಿದ್ದ ಮಕ್ಕಳೆಲ್ಲ ಹಲ್ಲಿಲ್ಲದ ಬಾಯಿ ನೋಡಲು ಮುಂದೆ ನುಗ್ಗಿದವು. ಸಂಜೆಯವರೆಗೆ ನಿಂಗಮ್ಮ ಎಷ್ಟು ಸಲ ಬಾಯಿ ತೆರೆದರೋ ಲೆಕ್ಕವಿಲ್ಲ. ಆ ದಿನ ಪಟ್ಟಿಯಲ್ಲಿದ್ದ ಯಾವ ಮಗುವೂ ಹನಿ ಹಾಕಿಸಿಕೊಳ್ಳದೆ ಉಳಿಯಲಿಲ್ಲ.

ಐದೂವರೆಗೆ ಅರಸೀಕೆರೆ ಬಸ್ಸಿಗಾಗಿ ರಸ್ತೆಯ ಬದಿ ಕಾಯುತ್ತಿದ್ದೆವು. ನಿಂಗಮ್ಮ, ನಾನು, ಕಳಿಸಲು ಬಂದಿದ್ದ ಪುಟ್ಟತಾಯಮ್ಮ. ತೆಂಗಿನ ತೋಟದ ನೆರಳು ರಸ್ತೆ ದಾಟಿತ್ತು. ಪುಟ್ಟತಾಯಮ್ಮ ನೆಲ ನೋಡುತ್ತ ಅಂದರು:

"ಕೆಂಪಿ ವಾಡೆ ಹಿಂದೆ ಅವ್ಳೆ ಅಂತ ನಂಗೆ ಗೊತ್ತಿತ್ತು. ಹೇಳಿದ್ರೆ ಅವ್ವ ಬಯ್ತಾಳೆ ಅಂತ ಹೇಳ್ಲಿಲ್ಲ."

ನಿಂಗಮ್ಮ ಆಕೆಯ ಕಡೆ ತಿರುಗಿದರು.

"ನಂಗೂ ಗೊತ್ತಿತ್ತು ಕಣವ್ವ," ಎಂದರು. "ಪಟ್ಟೀಗೆ ಒಂದು ಮಗು ಕಮ್ಮಿ ಇತ್ತು. ನಿಮ್ಮನೆ ಬಾಗ್ಲು ಎರಡು ಸಲ ತಟ್ಟಿದೆ. ಬಿಸ್ಲು ಏರಿತ್ತು, ಇನ್ನೂ ಎರಡೂರು ನಡೀಬೇಕಿತ್ತು. ಮೂರನೇ ಸಲ ತಟ್ಲಿಲ್ಲ."

ಬಸ್ಸು ಬಂತು. ನಾನು ಮೊದಲು ಹತ್ತಿ ನಿಂಗಮ್ಮನಿಗೆ ಕೈ ಕೊಟ್ಟೆ. ಅವರ ಹಿಂದೆಯೇ ಪುಟ್ಟತಾಯಮ್ಮನೂ ಹತ್ತಿದರು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಪುಟ್ಟತಾಯಮ್ಮನಿಗೆ ಅವತ್ತು ಅರಸೀಕೆರೆಯಲ್ಲಿ ಯಾವ ಕೆಲಸವೂ ಇರಲಿಲ್ಲ.